ಈ ಮೊದಲು ಎಲ್ಲಿಯೂ ಪ್ರಕಟವಾಗಿರಬಾರದು

ದಿನಪತ್ರಿಕೆಯನ್ನು ಮೊದಲ ಪುಟದ ಮೊದಲ ಸಾಲಿನಿಂದ ಓದುವವರು ಬಹಳ ಕಡಿಮೆ ಎಂಬುದು ಪಾನ್ ಅಂಗಡಿಗಳ ಮುಂದೆ ನಿಂತು ನಿಂತು ನಾನು ಗಳಿಸಿದ ಅಲ್ಪಸ್ವಲ್ಪ ಜ್ಞಾನಗಳಲ್ಲಿ ಒಂದು. ಕೆಲವರು ಚಿನ್ನದ ಧಾರಣೆಯಿಂದ ಶುರು ಮಾಡುತ್ತಾರೆ, ಕೊಳ್ಳುವ ಉದ್ದೇಶ ಏನೂ ಇರುವುದಿಲ್ಲ. ವಯಸ್ಸಾದವರು ನಿಧನವಾರ್ತೆಯಿಂದ ಶುರು ಮಾಡಿ, ಗುರುತಿನವರು ಯಾರೂ ಸಿಗದಿದ್ದರೆ ತುಸು ನಿರಾಶೆಯಿಂದಲೇ ಪುಟ ತಿರುವುತ್ತಾರೆ. ಹರೆಯದವರು ಪತ್ರಿಕೆಯನ್ನು ಹಿಂದಿನಿಂದ ಹಿಡಿಯುತ್ತಾರೆ, ಅಲ್ಲಿ ಕ್ರಿಕೆಟ್ ಇರುತ್ತದೆ. ನಾನು ಮಾತ್ರ ನಡುವಿನ ಒಂದು ಪುಟವನ್ನು ಬಿಡಿಸಿ ಅದರ ಕೆಳಮೂಲೆಗೆ ಕಣ್ಣು ಹಾಕುತ್ತೇನೆ. ಬೋರ್‌ವೆಲ್ ಕೊರೆಯುವವರ ಜಾಹೀರಾತಿಗೂ ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಗೂ ನಡುವೆ ಒತ್ತಿಕೊಂಡು ಕುಳಿತ, ಅಂಗೈಯಷ್ಟು ಕೂಡ ಇಲ್ಲದ ಒಂದು ಚೌಕ ಅಲ್ಲಿ ಆಗಾಗ ಇರುತ್ತದೆ. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಕಥೆಗಳಿಗೆ ಆಹ್ವಾನ' ಎಂದೋ 'ಕವನ ಸ್ಪರ್ಧೆ' ಎಂದೋ 'ಬರಹಗಾರರು ಬೇಕಾಗಿದ್ದಾರೆ' ಎಂದೋ ಬರೆದಿರುತ್ತದೆ.

ಇದರಿಂದ ನೀವು ನನ್ನನ್ನು ಬರಹಗಾರನೆಂದು ತಿಳಿಯಬಾರದು. ನಾನು ವೀಳ್ಯದೆಲೆ ಮಾರುವವನು. ಸವಣೂರಿನ ತೋಟಗಳಿಂದ ಎಲೆ ಕೊಂಡು, ಬುಟ್ಟಿಯಲ್ಲಿ ಜೋಡಿಸಿ, ಮೇಲೆ ಒದ್ದೆ ಗೋಣಿತಾಟು ಮುಚ್ಚಿ, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರ ಕಡೆಯ ಪಾನ್ ಅಂಗಡಿಗಳಿಗೆ ಬಸ್ಸಿನಲ್ಲಿ ಒಯ್ದು ಕೊಡುವುದು ನನ್ನ ಕೆಲಸ. ಓದು ಹೈಸ್ಕೂಲಿಗೆ ನಿಂತಿತು. ನಾನು ಬರೆದದ್ದೆಂದರೆ ಬುಟ್ಟಿಗಳ ಮೇಲೆ ಊರಿನ ಹೆಸರು. ಬರೆಯುತ್ತಿದ್ದವಳು ನನ್ನ ಹೆಂಡತಿ ಗಿರಿಜಾ. ಅವಳು ತೀರಿಕೊಂಡು ಈಗ ವರ್ಷದ ಮೇಲಾಯಿತು. ಆದರೆ ಆ ಸುದ್ದಿಯನ್ನು ನನ್ನ ಕಣ್ಣುಗಳಿಗೆ ಯಾರೂ ಮುಟ್ಟಿಸಿದಂತಿಲ್ಲ. ಪತ್ರಿಕೆ ಕಂಡೊಡನೆ ಅವು ಇಂದಿಗೂ ಆ ಮೂಲೆಗೇ ಹೋಗುತ್ತವೆ.

ಮದುವೆಯಾದ ಹೊಸದರಲ್ಲಿ ಅವಳು ಕಥೆ ಬರೆಯುತ್ತಾಳೆಂದು ತಿಳಿದಾಗ ನನಗೆ ಅದರಲ್ಲಿ ಮಾಡಲು ಏನೂ ಕೆಲಸವಿರಲಿಲ್ಲ. ಕಥೆ ಚೆನ್ನಾಗಿದೆಯೋ ಇಲ್ಲವೋ ಹೇಳುವಷ್ಟು ಬುದ್ಧಿ ನನಗಿಲ್ಲ, ಅಕ್ಷರದ ತಪ್ಪು ತೋರಿಸುವಷ್ಟು ವಿದ್ಯೆ ಮೊದಲೇ ಇಲ್ಲ. ಆದರೆ ದಿನಾ ಊರೂರು ತಿರುಗುವ ಕಾಲುಗಳಿದ್ದವು, ಪ್ರತಿ ಊರಿನಲ್ಲೂ ಬೇರೆ ಬೇರೆ ಪತ್ರಿಕೆ ತರಿಸುವ ಅಂಗಡಿಗಳ ಪರಿಚಯವಿತ್ತು. ಹಾಗಾಗಿ ಸಾಹಿತ್ಯಲೋಕದಲ್ಲಿ ನಾನು ಹುಡುಕುವವನ ಹುದ್ದೆಯನ್ನು ವಹಿಸಿಕೊಂಡೆ. ಅವಕಾಶ ಎಲ್ಲಿದೆ, ಕೊನೆಯ ದಿನ ಯಾವುದು, ಕಥೆ ಎಷ್ಟು ಪುಟ ಇರಬೇಕು, ಭಾವಚಿತ್ರ ಬೇಕೋ ಬೇಡವೋ, ಇದೆಲ್ಲ ನನ್ನ ಇಲಾಖೆ. ಆಹ್ವಾನ ಕಂಡಲ್ಲಿ ಆ ಮೂಲೆಯನ್ನು ಹರಿದು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದೆ. ಸಂಜೆ ಕೊಡಲು ಮರೆತರೂ ಚಿಂತೆಯಿರಲಿಲ್ಲ, ಗಿರಿಜಾ ಅಂಗಿ ಒಗೆಯುವ ಮುನ್ನ ತಪ್ಪದೆ ಕಿಸೆ ನೋಡುತ್ತಿದ್ದಳು.

ಹಾನಗಲ್ಲಿನ ಬಸ್ ನಿಲ್ದಾಣದ ಹತ್ತಿರ ಪಾನ್ ಅಂಗಡಿ ಇಟ್ಟಿರುವ ಮೌಲಾಸಾಬರಿಗೆ ನನ್ನ ಈ ಅಭ್ಯಾಸದಿಂದ ಬಹಳ ತೊಂದರೆಯಾಗುತ್ತಿತ್ತು.

"ಬಸಣ್ಣಾರ, ನೀವು ಎಲಿ ಕೊಡಾಕ ಬರ್ತೀರೋ, ನನ್ನ ಪೇಪರ್ ಮೇಯಾಕ ಬರ್ತೀರೋ?" ಎನ್ನುತ್ತಿದ್ದರು. "ಆ ಮೂಲಿ ಹರೀಬ್ಯಾಡ್ರಿ. ಹಿಂದ ಮಂದಿ ಭವಿಷ್ಯ ಐತಿ."

ನಿಜವೇ. ಅವರು ತರಿಸುತ್ತಿದ್ದ ಪತ್ರಿಕೆಯಲ್ಲಿ ಆಹ್ವಾನದ ಚೌಕದ ಬೆನ್ನಿಗೆ ಸರಿಯಾಗಿ ರಾಶಿಭವಿಷ್ಯ ಬರುತ್ತಿತ್ತು. ನಾನು ಮೂಲೆ ಹರಿದರೆ ಕೊನೆಯ ಕೆಲವು ರಾಶಿಗಳು ನನ್ನ ಕಿಸೆಗೆ ಬರುತ್ತಿದ್ದವು.

"ಮೊನ್ನೆ ಮೀನ ರಾಶಿಯವ ಒಬ್ಬಾವ ಬಂದು ನನ್ನ ಕೂಡ ಜಗಳಾ ತಗದಾನ್ರಿ, ನನ್ನ ಭವಿಷ್ಯ ಯಾರ್ ಹರದಾರ ಅಂತ. ಸವಣೂರ ಎಲಿ ಬಸಣ್ಣ ಒಯ್ದಾನ, ಹೋಗಿ ಇಸ್ಕೋ ಅಂದೆ."

ಇಂಥವನ್ನೆಲ್ಲ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಗಿರಿಜಾಳಿಗೆ ಹೇಳುತ್ತಿದ್ದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಅವಕಾಶಗಳಲ್ಲಿ ಎಷ್ಟೊಂದು ಬಗೆಯಿದೆ ಎಂಬುದು ಹುಡುಕಿದವನಿಗೆ ಮಾತ್ರ ಗೊತ್ತು. ಕೆಲವು ಆಹ್ವಾನಗಳು ಮೂವತ್ತೈದು ವರ್ಷದೊಳಗಿನವರನ್ನು ಮಾತ್ರ ಕರೆಯುತ್ತವೆ, ಆಮೇಲೆ ಮನುಷ್ಯನಿಗೆ ಕಥೆ ಹೊಳೆಯುವುದಿಲ್ಲವೆಂದು ಅವರ ನಂಬಿಕೆಯಿರಬೇಕು. ಕೆಲವು ಮೊದಲ ಸಂಕಲನಕ್ಕೆ ಬಹುಮಾನ ಕೊಡುತ್ತವೆ, ಆದರೆ ಮೊದಲ ಸಂಕಲನವನ್ನು ಯಾರು ತರುತ್ತಾರೆಂದು ಹೇಳುವುದಿಲ್ಲ. ಕೆಲವರು ಕೈಬರಹ ಸ್ವೀಕರಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಶಿಗ್ಗಾವಿಯ ಟೈಪಿಂಗ್ ಅಂಗಡಿಗೆ ಕಥೆ ಒಯ್ದು ಕೊಡಬೇಕಾಗುತ್ತಿತ್ತು. ಮೊಬೈಲಿನಲ್ಲಿ ಬರುವ ಆಹ್ವಾನಗಳದ್ದು ಇನ್ನೊಂದೇ ಜಾತಿ. 'ಮನೆಯಲ್ಲೇ ಕುಳಿತು ಬರೆಯಿರಿ' ಎಂದು ಕರೆದವರನ್ನು ಒಮ್ಮೆ ವಿಚಾರಿಸಿದರೆ, ಅವರಿಗೆ ಬೇಕಾಗಿದ್ದದ್ದು ಕೂದಲು ಉದುರದಂತೆ ಹಚ್ಚುವ ಎಣ್ಣೆಯ ಮೇಲೆ ಪ್ರಬಂಧ. ಗಿರಿಜಾ ನನ್ನ ಬೋಳುತಲೆಯ ಕಡೆ ನೋಡಿ, "ಇದರ ಬಗ್ಗೆ ಬರಿಯಾಕ ನನಗ ಅನುಭವ ಇಲ್ಲ ಬಿಡ್ರಿ," ಎಂದಿದ್ದಳು.

ಎಲ್ಲ ಆಹ್ವಾನಗಳ ಕೊನೆಗೆ 'ತೀರ್ಪುಗಾರರ ತೀರ್ಮಾನವೇ ಅಂತಿಮ' ಎಂಬ ಸಾಲು ಇರುತ್ತದೆ. ಅದು ಅವಳಿಗೆ ಬಹಳ ಹಿಡಿಸಿತ್ತು. ಸಾರಿಗೆ ಉಪ್ಪು ಕಡಿಮೆಯಾಗಿದೆಯೆಂದು ನಾನು ಗೊಣಗಿದರೆ ಸೌಟು ಕೆಳಗಿಟ್ಟು ಅದನ್ನೇ ಹೇಳುತ್ತಿದ್ದಳು.

ಊರಿನಲ್ಲಿ ಅವಳ ಬರಹಕ್ಕೆ ಖಾಯಂ ಗಿರಾಕಿಯೆಂದರೆ ಬ್ಯಾನರ್ ಛಾಪಿಸುವ ಅಂಗಡಿ. ಯಾರಾದರೂ ತೀರಿಕೊಂಡರೆ ಭಾವಚಿತ್ರದ ಕೆಳಗೆ ಹಾಕಲು ನಾಲ್ಕು ಸಾಲು ಬೇಕಾಗುತ್ತದೆ. ಅಂಗಡಿಯವನು ಫೋನ್ ಮಾಡಿ, ಸತ್ತವರು ಏನು ಕೆಲಸ ಮಾಡುತ್ತಿದ್ದರು, ಎಂಥ ಸ್ವಭಾವ ಎಂದು ಹೇಳುತ್ತಿದ್ದ. ಗಿರಿಜಾ ಒಲೆಯ ಮುಂದೆ ಕುಳಿತೇ ಸಾಲು ಕಟ್ಟುತ್ತಿದ್ದಳು. ಪ್ರತಿಯೊಬ್ಬರಿಗೂ ಹೊಸದು. ಕುಂಬಾರನಿಗೆ ಬರೆದದ್ದನ್ನು ಕಂಡಕ್ಟರನಿಗೆ ಹಾಕಬಾರದೆಂಬುದು ಅವಳ ಕಟ್ಟುನಿಟ್ಟು. ಅವಳೇ ಹೋದ ದಿನ ಬಸ್ ನಿಲ್ದಾಣದ ಎದುರು ಅವಳ ಬ್ಯಾನರ್ ಕಟ್ಟಿದರು. ಕೆಳಗೆ ನಾಲ್ಕು ಸಾಲು ಇದ್ದವು. ಹಿಂದೊಮ್ಮೆ ನಿವೃತ್ತ ಅಂಚೆಯವರೊಬ್ಬರಿಗೆ ಅವಳೇ ಬರೆದುಕೊಟ್ಟ ಸಾಲುಗಳು, ಹೆಸರು ಮಾತ್ರ ಬದಲು. ಅಂಗಡಿಯವನ ತಪ್ಪೇನಿದೆ? ಬರೆದುಕೊಡುವವರು ಇರಲಿಲ್ಲ. 'ಮನೆಮನೆಗೆ ಸುದ್ದಿ ತಂದ ಕೈಗಳೇ' ಎಂದು ನನ್ನ ಹೆಂಡತಿಯ ಭಾವಚಿತ್ರದ ಕೆಳಗೆ ಓದುತ್ತ ನಿಂತಾಗ, ಇದನ್ನು ನೋಡಿ ಅವಳು ಏನನ್ನುತ್ತಿದ್ದಳು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಇದು ಮೊದಲೇ ಪ್ರಕಟವಾದದ್ದು, ನಡೆಯುವುದಿಲ್ಲ ಎನ್ನುತ್ತಿದ್ದಳು.

ಈ 'ಮೊದಲೇ ಪ್ರಕಟ' ಎಂಬ ಮಾತಿಗೆ ಬರಲೆಂದೇ ನಾನು ಇಷ್ಟು ಸುತ್ತು ಹಾಕಿದ್ದು.

ನಮ್ಮ ಕಡೆ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾರೆ. ಬಿಸಿಲು ಇಳಿದ ಮೇಲೆ ಓಣಿಯ ಹೆಂಗಸರು ಒಂದು ಮನೆಯ ಪಡಸಾಲೆಯಲ್ಲಿ ಕೌದಿ ಹಾಸಿ, ನಾಲ್ಕೂ ಕಡೆ ಕುಳಿತು ಸಣ್ಣ ಸಣ್ಣ ಹೊಲಿಗೆ ಹಾಕುತ್ತ ನಡುವಿಗೆ ಬರುತ್ತಾರೆ. ಅದು ಹೆಚ್ಚಾಗಿ ನಮ್ಮ ಮನೆಯ ಪಡಸಾಲೆಯೇ ಆಗಿರುತ್ತಿತ್ತು. ಏಕೆಂದರೆ ಅವರು ಹೊಲಿಯುವಾಗ ಗಿರಿಜಾ ತನ್ನ ಕಥೆ ಓದುತ್ತಿದ್ದಳು. ಎದುರುಮನೆಯ ನೀಲಕ್ಕ, ಮಗ್ಗುಲಿನ ಓಣಿಯ ಬೀಬಿಜಾನ್, ಇವರಿಬ್ಬರೂ ಆ ಸಭೆಯ ಖಾಯಂ ಸದಸ್ಯರು. ನೀಲಕ್ಕನಿಗೆ ಓದು ಬಾರದು, ಆದರೆ ಕಥೆಯೊಳಗಿನ ಗಂಡಸು ಸರಿಯಿಲ್ಲವೆನಿಸಿದರೆ ಸೂಜಿ ಎತ್ತಿ ಹಿಡಿದು ಓದು ನಿಲ್ಲಿಸುತ್ತಿದ್ದಳು. ಬೀಬಿಜಾನ್ ಮಾತು ಕಡಿಮೆ. ಕೌದಿ ಮುಗಿಯುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಮುಚ್ಚುವ ಕೆಲಸ ಅವಳದ್ದು. ಕೌದಿ ಹಸಿದಿರಬಾರದಂತೆ.

ಒಂದು ಸಲ ಗಿರಿಜಾ ಬರೆದ ಕಥೆ ಓಣಿಗೆಲ್ಲ ಬಹಳ ಹಿಡಿಸಿತು. ಅದೇ ವಾರ ಹಿರೇಕೆರೂರಿನಲ್ಲಿ ನನಗೊಂದು ದೊಡ್ಡ ಸ್ಪರ್ಧೆಯ ಆಹ್ವಾನ ಸಿಕ್ಕಿತು. ಓಡುತ್ತ ಬಂದು ಕೊಟ್ಟೆ. ಅವಳು ನಿಯಮಗಳನ್ನು ಓದಿ ಚೂರನ್ನು ಮಡಚಿ ಇಟ್ಟಳು.

"ಈ ಕಥಿ ಕಳಸಾಕ ಬರೂದಿಲ್ಲ."

"ಯಾಕ?"

"ಈ ಮೊದಲು ಎಲ್ಲಿಯೂ ಪ್ರಕಟ ಅಥವಾ ಪ್ರಸಾರ ಆಗಿರಬಾರದು ಅಂತ ಐತಿ."

"ಎಲ್ಲಿ ಛಾಪಾಗೇತಿ ಅದು?"

"ಛಾಪಾಗಿಲ್ಲ. ಪ್ರಸಾರ ಆಗೇತಿ. ನೀಲಕ್ಕನ ಮುಂದ ಓದೇನಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ನೀಲಕ್ಕ ಆ ಕಥೆಯನ್ನು ಆಗಲೇ ಬಂಕಾಪುರದ ತಂಗಿಯ ಮನೆಗೂ ಹುಲಗೂರಿನ ದರ್ಗಾಕ್ಕೂ ಒಯ್ದು ಹೇಳಿ ಬಂದಿದ್ದಳು ಎಂಬುದು ಸುಳ್ಳಲ್ಲ. ಪ್ರಕಟವೆಂದರೆ ಅಚ್ಚಾಗುವುದು, ಪ್ರಸಾರವೆಂದರೆ ರೇಡಿಯೋದಲ್ಲಿ ಬರುವುದು ಎಂದು ನಾನು ತಿಳಿಹೇಳಲು ನೋಡಿದೆ.

"ರೇಡಿಯೋಕ್ಕ ಕಿವಿ ಎಲ್ಲೈತ್ರಿ? ಅದು ಸುಮ್ನ ಹೇಳ್ತೈತಿ. ನೀಲಕ್ಕ ಕೇಳ್ಯಾಳ, ಮಂದಿಗಿ ಹೇಳ್ಯಾಳ," ಎಂದಳು. "ಹಂಗಂತ ಬರದು ಕೆಳಗ ಸಹಿ ಮಾಡಾಕಿ ನಾನು. ಸುಳ್ಳಿಗಿ ಹೆಂಗ ಸಹಿ ಮಾಡ್ಲಿ?"

ತಿಳಿದವರ ಹತ್ತಿರ ಕೇಳಿ ಬಂದೆ. ಎಲ್ಲರೂ ನನ್ನ ಪರವಾಗಿಯೇ ಹೇಳಿದರು. ತೀರ್ಪುಗಾರರ ತೀರ್ಮಾನ ಮಾತ್ರ ಬದಲಾಗಲಿಲ್ಲ. ಅವಳ ಒಳ್ಳೆಯ ಕಥೆ ಮನೆಯಲ್ಲೇ ಉಳಿಯಿತು.

ಅಂದಿನಿಂದ ಅವಳು ಕಥೆಗಳಲ್ಲಿ ಎರಡು ಜಾತಿ ಮಾಡಿದಳು. ಒಂದು ಮನಿ ಕಥಿ, ಇನ್ನೊಂದು ಕಳಸೂ ಕಥಿ. ಮನೆಯ ಕಥೆಗಳನ್ನು ಕೌದಿಯ ಮುಂದೆ ಓದುತ್ತಿದ್ದಳು. ಕಳಿಸುವ ಕಥೆಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಕಟ್ಟಿಕೊಂಡ ಗಂಡನಿಗೂ. ನಾನು ಹೋದಲ್ಲೆಲ್ಲ ಬಾಯಿ ಬಿಡುವವನು, ನನಗೆ ಹೇಳಿದರೆ ನಾಲ್ಕು ತಾಲ್ಲೂಕಿಗೆ ಪ್ರಸಾರವಾಗುತ್ತದೆ ಎಂಬ ಅವಳ ಅಂಜಿಕೆಯನ್ನು ನಾನು ಒಪ್ಪಿಕೊಳ್ಳಲೇಬೇಕಾಯಿತು. ಟೈಪಿಂಗ್ ಅಂಗಡಿಯವನು ಓದಿದರೆ ಏನು ಮಾಡುವುದೆಂದೂ ಅವಳಿಗೆ ಚಿಂತೆಯಾಗಿತ್ತು. ಅವನು ಟೈಪ್ ಮಾಡಿಕೊಟ್ಟ ಪ್ರತಿಯಲ್ಲಿನ ತಪ್ಪುಗಳನ್ನು ನೋಡಿದ ಮೇಲೆ, ಅವನು ಒಂದು ಸಾಲನ್ನೂ ಓದಿಲ್ಲವೆಂಬುದು ಖಾತ್ರಿಯಾಗಿ ಸಮಾಧಾನಪಟ್ಟಳು.

ಫಲಿತಾಂಶ ಬಂದು ಕಥೆ ಸೋತಿತೆಂದು ತಿಳಿದ ದಿನ ಮಾತ್ರ ಅದು ಮನೆಯ ಕಥೆಯಾಗುತ್ತಿತ್ತು. ಹೊಲಿಗೆ ಯಂತ್ರದ ಖಾನೆಯಲ್ಲಿ ಮಡಚಿಟ್ಟ ನಕಲನ್ನು ತೆಗೆದು, ಪಡಸಾಲೆಗೆ ತಂದು, ಎಲ್ಲರ ಮುಂದೆ ಓದುತ್ತಿದ್ದಳು. ಹಾಗಾಗಿ ನಮ್ಮ ಓಣಿಯಲ್ಲಿ ಅವಳ ಸೋಲಿಗಾಗಿ ಹೆಂಗಸರು ಕಾಯುತ್ತಿದ್ದರು. "ಏನಾತವಾ, ಸೋತೇನು?" ಎಂದು ನೀಲಕ್ಕ ಆಸೆಯಿಂದ ಕೇಳುತ್ತಿದ್ದಳು. ಒಮ್ಮೆ ಸಮಾಧಾನಕರ ಬಹುಮಾನ ಬಂದು ಕಥೆ ಸಣ್ಣ ಅಕ್ಷರದಲ್ಲಿ ಅಚ್ಚಾದಾಗ ನೀಲಕ್ಕನಿಗೆ ಆದಷ್ಟು ಬೇಸರ ಯಾರಿಗೂ ಆಗಿರಲಿಕ್ಕಿಲ್ಲ. ಗಿರಿಜಾ ತಮಗಿಂತ ಮೊದಲು ಊರವರಿಗೆಲ್ಲ ಹೇಳಿಬಿಟ್ಟಳೆಂದು ಬಹಳ ದಿನ ಮುಖ ಊದಿಸಿಕೊಂಡಿದ್ದಳು. ಸಾಹಿತ್ಯದಲ್ಲಿ ಸೋತವರ ಮನೆಯಲ್ಲಿ ಇಷ್ಟು ನಗು ಇರುವುದನ್ನು ನೀವು ಕಂಡಿರಲಾರಿರಿ. ನಾನು ಆ ನಗುವನ್ನು ಬಹಳ ವರ್ಷ ಕೇಳಿದೆ. ಅದು ಸದಾ ಇರುವಂಥದ್ದೆಂದು ತಿಳಿದುಕೊಂಡಿದ್ದೆ.

ಕೊನೆಯ ಕಥೆಯನ್ನು ಅವಳು ಒಂದು ಮಾಸಪತ್ರಿಕೆಯ ವಿಶೇಷ ಸಂಚಿಕೆಯ ಸ್ಪರ್ಧೆಗೆ ಕಳಿಸಿದಳು. ಆಹ್ವಾನ ಹುಡುಕಿ ತಂದವನು ನಾನೇ, ಮೌಲಾಸಾಬರ ದಿನಪತ್ರಿಕೆಯ ಮೂಲೆಯಿಂದ. ಬರೆಯುವಾಗ ಒಬ್ಬಳೇ ನಗುತ್ತಿದ್ದಳು. ಕೇಳಿದರೆ ಕೈ ಅಡ್ಡ ಹಿಡಿಯುತ್ತಿದ್ದಳು. ಅಂಚೆಗೆ ಹಾಕಿ ಬಂದ ಮೇಲೆ ಸ್ವಲ್ಪ ದಿನಕ್ಕೆ ಎದೆ ಹಿಡಿದಂತಾಗುತ್ತದೆ ಎಂದಳು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನ ಚೆನ್ನಾಗಿಯೇ ಇದ್ದಳು. ಹಾಸಿಗೆಯ ಮೇಲೆ ಕುಳಿತು ಅವಲಕ್ಕಿ ತಿನ್ನುವಾಗ, ಹೊತ್ತು ಹೋಗಲೆಂದು ನಾನು ಕೇಳಿದೆ.

"ಯಾತರ ಕಥಿ ಅದು? ನನಗಷ್ಟ ಹೇಳು."

"ನಿಮಗ ಹೇಳಿದ್ರ ಹಾನಗಲ್ಲ ತನಕ ಹೋಗ್ತೈತಿ," ಎಂದಳು. "ಫಲಿತಾಂಶ ಬರ್ಲಿ. ಕೌದಿ ಮುಂದ ಕುಂತು ಎಲ್ಲಾರಿಗೂ ಒಮ್ಮೆ ಓದ್ತೇನಿ."

ನಾನು ಒತ್ತಾಯ ಮಾಡಲಿಲ್ಲ. ಮರುದಿನ ಡಾಕ್ಟರು ಒಳಗಿನಿಂದ ಬಂದು ತಲೆ ಅಲ್ಲಾಡಿಸಿದಾಗ ನನ್ನ ಮನಸ್ಸಿಗೆ ಬಂದದ್ದು ದೇವರ ಹೆಸರಲ್ಲ. ಆಹ್ವಾನಗಳ ಕೊನೆಗೆ ಬರುವ ಆ ಸಾಲು. ಅದನ್ನು ನೆನೆದು ಇಂದಿಗೂ ನಾಚಿಕೆಯಾಗುತ್ತದೆ. ಆದರೆ ಆ ಹೊತ್ತಿಗೆ ಅದಕ್ಕಿಂತ ಸರಿಯಾದ ಮಾತು ನನಗೆ ಗೊತ್ತಿರಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ನಾನು ಫಲಿತಾಂಶಕ್ಕೆ ಕಾಯತೊಡಗಿದೆ. ಕಥೆಯ ನಕಲು ಯಂತ್ರದ ಖಾನೆಯಲ್ಲಿತ್ತು, ದಾರದ ಉಂಡೆಗಳ ಕೆಳಗೆ. ಖಾನೆ ಎಳೆದರೆ ಸಿಗುವಂಥದ್ದು. ಎಳೆಯಲಿಲ್ಲ. ವಿಶೇಷ ಸಂಚಿಕೆ ಬರುವ ಕಾಲ ಬಂತು, ಹೋಯಿತು. ಪತ್ರಿಕೆಯ ಕಚೇರಿಗೆ ಫೋನ್ ಮಾಡಿದರೆ ಮುಂದೂಡಲಾಗಿದೆ ಎಂದರು. ಇನ್ನೊಮ್ಮೆ ಮಾಡಿದಾಗ ನೋಡಿ ಹೇಳುತ್ತೇವೆ ಎಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಕೆಲವು ತಿಂಗಳಾದ ಮೇಲೆ ಆ ಪತ್ರಿಕೆ ಯಾವ ಅಂಗಡಿಯಲ್ಲೂ ತೂಗಾಡುವುದು ಕಾಣಲಿಲ್ಲ. ಶಿಗ್ಗಾವಿಯ ಅಂಗಡಿಯವನು, ಅದು ನಿಂತಿದೆ ಎಂದ. ಪತ್ರಿಕೆಯೂ ನಿಲ್ಲುತ್ತದೆಂದು ನನಗೆ ಗೊತ್ತಿರಲಿಲ್ಲ.

ಚಿಕ್ಕೇರೂರಿಗೆ ಕೊಟ್ಟ ಮಗಳು ಸುಮಾ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದಳು. "ಓದಿದಿ ಏನಪಾ ಅವ್ವನ ಕಥಿ?"

"ಫಲಿತಾಂಶ ಬಂದಿಲ್ಲವಾ."

"ಹಂಗಂದ್ರ ಹೆಂಗಪಾ," ಎನ್ನುತ್ತಿದ್ದಳು.

ಓದಿದರೆ ಪ್ರಕಟವಾಗುತ್ತದೆ. ಪ್ರಕಟವಾದರೆ ಅವಳು ಮಾಡಿದ ಸಹಿ ಸುಳ್ಳಾಗುತ್ತದೆ. ಒಂದು ವೇಳೆ ಎಲ್ಲಾದರೂ ಒಬ್ಬ ತೀರ್ಪುಗಾರ ಆ ಕಥೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದರೆ? ಒಂದು ಕಾಲಕ್ಕೆ ನಾನೇ ನಕ್ಕ ನಿಯಮಕ್ಕೆ ನಾನೇ ಕಾವಲು ಕುಳಿತೆ. ಆದರೆ ದಿನ ಕಳೆದಂತೆ, ನಾನು ಕಾಯುತ್ತಿರುವುದು ನಿಯಮವನ್ನಲ್ಲ ಎಂದು ಒಳಗೊಳಗೇ ತಿಳಿಯುತ್ತಿತ್ತು. ಅವಳ ಬಾಯಿಂದ ನಾನು ಕೇಳದೆ ಉಳಿದದ್ದು ಈ ಜಗತ್ತಿನಲ್ಲಿ ಅದೊಂದೇ. ಖಾನೆ ಮುಚ್ಚಿರುವ ತನಕ ಅವಳು ಹೇಳಬೇಕಾದದ್ದು ಇನ್ನೂ ಸ್ವಲ್ಪ ಬಾಕಿ ಇರುತ್ತದೆ. ತೆರೆದರೆ ಮುಗಿಯಿತು.

ಹೀಗಿರುವಾಗ ನೀಲಕ್ಕ ಒಂದು ದಿನ ಬಾಗಿಲಲ್ಲಿ ನಿಂತು, "ಆಕಿ ಸೀರಿ ಟ್ರಂಕಿನ್ಯಾಗ ಕೊಳ್ಯಾಕ ಬಿಟ್ಟೀಯೇನ? ತಗಿ ಹೊರಗ, ಕೌದಿ ಮಾಡೂಣು," ಎಂದಳು. ತೀರಿಕೊಂಡವರ ಸೀರೆಯಿಂದ ಕೌದಿ ಮಾಡಿ ಮನೆಯವರು ಹೊದೆಯುವುದು ನಮ್ಮ ಓಣಿಯ ಪದ್ಧತಿ. ಸುಮಾ ಕೂಡ ಬಂದಳು. ಗಿಳಿಹಸಿರು ಸೀರೆ, ಕೆಂಪಂಚಿನ ಇಳಕಲ್ಲ ಸೀರೆ, ಹೊಲಿಗೆಗೆ ಕೂರುವಾಗ ಉಡುತ್ತಿದ್ದ ಮಾಸಿದ ನೀಲಿ, ಎಲ್ಲ ಪಡಸಾಲೆಯಲ್ಲಿ ಒಂದರ ಮೇಲೊಂದು ಹಾಸಿಕೊಂಡವು. ಹೆಂಗಸರು ಸುತ್ತ ಕುಳಿತರು. ನಾನು ಕಂಬಕ್ಕೆ ಒರಗಿ ಎಲೆ ಆರಿಸುತ್ತಿದ್ದೆ.

ನೀಲಕ್ಕ ಎರಡು ಸಲ ದಾರ ಹರಿದುಕೊಂಡಳು. ಕೊನೆಗೆ ಸೂಜಿಯನ್ನು ಸೀರೆಗೆ ಚುಚ್ಚಿ ನನ್ನ ಕಡೆ ತಿರುಗಿದಳು.

"ಕಥಿ ಇಲ್ಲದ ಕೈ ಓಡವಲ್ದು. ತಗಿ ಅದನ್ನ."

"ಫಲಿತಾಂಶ ಬಂದಿಲ್ಲ ನೀಲಕ್ಕ."

"ಪೇಪರ ನಿಂತ ಮ್ಯಾಲ ಫಲಿತಾಂಶ ಯಾರ್ ಕೊಡ್ತಾರ, ನಿಮ್ಮಜ್ಜ ಕೊಡ್ತಾನ?"

"ಆಕಿ ಸಹಿ ಮಾಡ್ಯಾಳ."

ನೀಲಕ್ಕ ಇನ್ನೇನೋ ಅನ್ನುವವಳಿದ್ದಳು. ಅಷ್ಟರಲ್ಲಿ ಬೀಬಿಜಾನ್ ತಲೆ ಎತ್ತದೆ ಹೇಳಿದಳು. "ಸೋತ್ರ ನಮಗ ಓದ್ತಿದ್ಳಲ್ಲ ಭಾಯಿ. ಈಗೂ ಸೋತಾಳಂತನ ತಿಳಕೋರಿ."

ಆ ಮಾತು ಕಥೆಯ ಬಗ್ಗೆ ಮಾತ್ರ ಇರಲಿಲ್ಲ. ಅವಳು ಸೋತಳೆಂದು ನಾನು ಇನ್ನೂ ಒಪ್ಪಿಕೊಂಡಿರಲಿಲ್ಲ, ಅಷ್ಟೇ. ಕೈ ತೊಳೆದುಕೊಂಡು ಬಂದು ಖಾನೆ ಎಳೆದೆ.

ಸಂತೆಯಲ್ಲಿ ಕೂಗಿ ಅಭ್ಯಾಸವಾದ ಗಂಟಲಿನಲ್ಲಿ ನಾನು ಓದಿದೆ. ಕಥೆಯ ಹೆಸರು 'ಹರಿದ ಮೂಲೆ'. ಒಂದು ಊರು. ಅಲ್ಲಿಗೆ ದಿನಾ ಬರುವ ಬೋಳುತಲೆಯ ಎಲೆ ಮಾರುವವನು. ಅವನು ಪತ್ರಿಕೆಯ ಮೂಲೆ ಹರಿದುಕೊಂಡು ಹೋಗುತ್ತಾನೆ, ಅದರ ಹಿಂದೆ ಊರವರ ಭವಿಷ್ಯ ಇರುತ್ತದೆ.

"ಇವನಾ," ಎಂದು ನೀಲಕ್ಕ ನನ್ನ ಕಡೆ ಸೂಜಿ ತೋರಿಸಿದಳು. ಸುಮಾ ನಕ್ಕಳು.

ಹರಿದುಹೋದ ರಾಶಿಯವರು ಮೊದಲು ಗಾಬರಿಯಾಗುತ್ತಾರೆ. ಮಕರ ರಾಶಿಯವನು ಎಮ್ಮೆ ಕೊಳ್ಳಲು ಹೊರಟವನು ದಾರಿಯಲ್ಲೇ ಕೂರುತ್ತಾನೆ. ಆಮೇಲೆ, ಏನಾಗುತ್ತದೆಂದು ಯಾರೂ ಹೇಳದಿರುವುದರಿಂದ, ಮೆಲ್ಲಗೆ ಅವರಿಗೆ ಧೈರ್ಯ ಬರುತ್ತದೆ. ಎಮ್ಮೆ ಬರುತ್ತದೆ. ಕುಂಭ ರಾಶಿಯ ವಿಧವೆಯೊಬ್ಬಳು ಬಳೆ ಅಂಗಡಿ ತೆರೆಯುತ್ತಾಳೆ, ಆ ದಿನ ಒಳ್ಳೆಯದಲ್ಲವೆಂದು ಅವಳಿಗೆ ಹೇಳುವವರಿಲ್ಲ. ಭವಿಷ್ಯ ಪೂರ್ತಿ ಸಿಕ್ಕವರು ಮಾತ್ರ ಪ್ರಯಾಣ ಬೇಡ, ವ್ಯವಹಾರ ಬೇಡ ಎಂದು ಮನೆಯಲ್ಲೇ ಉಳಿಯುತ್ತಾರೆ. ಕೊನೆಗೆ ಅವರೂ ಒಬ್ಬೊಬ್ಬರಾಗಿ ಬಂದು, ನಾಳೆ ನಮ್ಮ ರಾಶಿಯವರೆಗೂ ಹರಿ ಎಂದು ಎಲೆಯವನ ಕಿವಿಯಲ್ಲಿ ಹೇಳುತ್ತಾರೆ. ಹೆಂಗಸರು ನಗುತ್ತಿದ್ದರು. ಅವಳ ಸೀರೆಗಳ ಸುತ್ತ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಕೊನೆಯ ಪುಟಕ್ಕೆ ಬಂದಾಗ ನಾನು ಓದು ನಿಲ್ಲಿಸಿದೆ. ಸುಮಾ ನನ್ನ ಕೈಯಿಂದ ತೆಗೆದುಕೊಂಡು ಓದಿದಳು. ಎಲೆಯವನ ಹೆಂಡತಿ ಅಂಗಿ ಒಗೆಯುವ ಮುನ್ನ ಕಿಸೆ ನೋಡುತ್ತಾಳೆ. ಒಂದು ಚೂರು ಸಿಗುತ್ತದೆ, ಬೆವರಿಗೆ ಒದ್ದೆಯಾದದ್ದು. ಒಂದು ಬದಿಗೆ ಅವಳ ರಾಶಿ, ಇನ್ನೊಂದು ಬದಿಗೆ ಆಹ್ವಾನ. ಅವಳು ರಾಶಿಯ ಬದಿಯನ್ನು ಓದುವುದಿಲ್ಲ. ಆಹ್ವಾನದ ಬದಿಯನ್ನು ಮೇಲೆ ಮಾಡಿ, ಒಗೆಯುವ ಕಲ್ಲಿನ ಮೇಲೆ ಒಣಹಾಕುತ್ತಾಳೆ. ಕಥೆ ಅಷ್ಟಕ್ಕೇ ಮುಗಿಯುತ್ತದೆ.

"ಇದು ಗೆಲ್ತಿತ್ತು," ಎಂದಳು ನೀಲಕ್ಕ.

"ಗೆದ್ದಿದ್ರ ನಮಗ ಸಿಗ್ತಿದ್ದಿಲ್ಲ," ಎಂದು ಬೀಬಿಜಾನ್ ಸೂಜಿ ಎತ್ತಿಕೊಂಡಳು.

ಕೌದಿ ಅಂದು ಮುಗಿಯಲಿಲ್ಲ. ಮುಗಿದ ದಿನ ಬೀಬಿಜಾನ್ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿದುಕೊಟ್ಟಳು. ಈಗ ಅದನ್ನೇ ಹೊದೆಯುತ್ತೇನೆ. ಭಾರವಿದೆ.

ಕಥೆಯನ್ನು ನೀಲಕ್ಕ ಯಥಾಪ್ರಕಾರ ಬಂಕಾಪುರಕ್ಕೆ ಒಯ್ದಳೆಂದು ಕಾಣುತ್ತದೆ. ಕೆಲವು ವಾರದ ಮೇಲೆ ಶಿಗ್ಗಾವಿಯಲ್ಲಿ ದುಂಡಸಿಯ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬಳು ಪಕ್ಕದವಳಿಗೆ ಎಮ್ಮೆ ಕೊಂಡ ಮಕರ ರಾಶಿಯವನ ಕಥೆ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ಎಮ್ಮೆ ಎರಡು ಆಗಿದ್ದವು. ನಾನು ಬುಟ್ಟಿ ಹಿಡಿದು ಕೇಳುತ್ತ ನಿಂತು ನನ್ನ ಬಸ್ಸು ಬಿಟ್ಟೆ.

ಮೊನ್ನೆ ಹಾನಗಲ್ಲಿಗೆ ಹೋದಾಗ ಮೌಲಾಸಾಬರಿಗೆ ಎಲೆಯ ಕಟ್ಟು ಕೊಟ್ಟು, ಅಭ್ಯಾಸದಂತೆ ಪತ್ರಿಕೆಯ ನಡುವಿನ ಪುಟ ಬಿಡಿಸಿದೆ. ಕೆಳಮೂಲೆಯಲ್ಲಿ ಚೌಕ ಇತ್ತು. ಕಥೆಗಳಿಗೆ ಆಹ್ವಾನ. ಈ ಮೊದಲು ಎಲ್ಲಿಯೂ ಪ್ರಕಟವಾಗಿರಬಾರದು. ನಮ್ಮ ಮನೆಯಲ್ಲಿ ಅಂಥದ್ದು ಈಗ ಒಂದೂ ಉಳಿದಿಲ್ಲ ಎಂದುಕೊಂಡು ಪತ್ರಿಕೆ ಮಡಚಿ, ಸುಣ್ಣದ ಡಬ್ಬಿಯ ಕೆಳಗೆ ಇಟ್ಟೆ.

ಮೌಲಾಸಾಬರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಯಾಕ್ರಿ, ಇವತ್ತ ಹರಿಯಾಂಗಿಲ್ಲೇನು?"

"ಹಿಂದ ಮಂದಿ ಭವಿಷ್ಯ ಐತಲ್ರಿ," ಎಂದೆ.

ಅವರು ಡಬ್ಬಿ ಸರಿಸಿ ಪತ್ರಿಕೆಯನ್ನು ನನ್ನ ಮುಂದೆ ಬಿಡಿಸಿ ಹಿಡಿದರು.

"ಹರೀರಿ. ಸ್ವಲ್ಪ ಮ್ಯಾಲಿಂದ ಹರೀರಿ, ಮಕರನೂ ಬರ್ಲಿ. ನನ್ನ ರಾಶಿ ಯಾವುದಂತ ಗೊತ್ತಿಲ್ಲ, ಅಂದಾಜಿನ ಮ್ಯಾಲ ಅದನ್ನ ಹಿಡದೇನಿ."

ಅವರಿಗೆ ಕಥೆ ಯಾರು ಹೇಳಿದರೆಂದು ನಾನು ಕೇಳಲಿಲ್ಲ. ಹಾನಗಲ್ಲ ತನಕ ಹೋಗುತ್ತದೆ ಎಂದು ಅವಳು ಹೇಳಿದ್ದಳು, ಹೋಗಿತ್ತು. ಮೂಲೆಯನ್ನು ನಿಧಾನವಾಗಿ, ಮಕರ ರಾಶಿಯನ್ನೂ ಸೇರಿಸಿ ಹರಿದು ಅಂಗಿಯ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದೆ. ಈಗ ನನ್ನ ಅಂಗಿಯನ್ನು ನಾನೇ ಒಗೆಯುತ್ತೇನೆ. ಒಗೆಯುವ ಮುನ್ನ ಕಿಸೆ ನೋಡುತ್ತೇನೆ.